ನಮ್ಮೂರಾಗ ಕತ್ತಲಿ ಇಲ್ರೀ

ನಮ್ಮ ಬೀದಿಯಲ್ಲಿ ಸಮುದ್ರ ದಾಟಿ ಬಂದವರು ಇಬ್ಬರಿದ್ದರು. ಅಲ್ಲಿನ ಚಳಿ, ಅಲ್ಲಿನ ಶಿಸ್ತು, ಅಲ್ಲಿನ ಕಕ್ಕಸು ಎಂದು ಇಬ್ಬರೂ ವರ್ಷಗಟ್ಟಲೆ ನಮ್ಮ ತಲೆ ತಿಂದರು. ನಾನೂ ಒಮ್ಮೆ ಪರದೇಶಕ್ಕೆ ಹೋಗಿ ಬಂದವಳೇ. ಪಾಸ್‌ಪೋರ್ಟು ಕೇಳಲಿಲ್ಲ ಎನ್ನುವುದೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಅವರು ಹೇಳಿದ ಹಾಗೇ ಆಯಿತು. ಮಾತು ಅರ್ಧ ತಿಳಿಯಲಿಲ್ಲ, ಊಟಕ್ಕೆ ಬಾಯಿ ಉರಿಯಿತು, ನೀನು ಯಾರು, ಯಾಕೆ ಬಂದೆ, ನಿನ್ನ ಗಂಡ ಎಲ್ಲಿ ಎಂದು ಕಂಡಕಂಡವರೆಲ್ಲ ವಿಚಾರಣೆ ಮಾಡಿದರು. ಆ ದೇಶದ ಹೆಸರು ಸಿಂಧನೂರು.

ನಗಬೇಡಿ. ರಾಜ್ಯ ಒಂದಾಗಿ ಆಗಿನ್ನೂ ಕೆಲವೇ ವರ್ಷ. ನಮ್ಮ ಶಾಲೆಯ ಭೂಪಟದಲ್ಲಿ ಬೀದರಿನಿಂದ ಮೈಸೂರಿನವರೆಗೆ ಒಂದೇ ಬಣ್ಣ ಬಳಿದಿದ್ದರೂ ನಮ್ಮ ಅಮ್ಮನ ಭೂಪಟ ಶ್ರೀರಂಗಪಟ್ಟಣಕ್ಕೇ ಮುಗಿಯುತ್ತಿತ್ತು. "ಅಲ್ಲಿ ಅಕ್ಕಿ ಸಿಗತ್ತೇನೇ?" ಎಂದು ಅಮ್ಮ ಎರಡು ಸೇರು ಅಕ್ಕಿ ಕಟ್ಟಿಕೊಟ್ಟಳು. ತುಂಗಭದ್ರೆಯ ಕಾಲುವೆ ಬಂದು ಆ ಸೀಮೆಯೆಲ್ಲ ಗದ್ದೆಯಾಗಿ, ಲಾರಿಗಟ್ಟಲೆ ಅಕ್ಕಿ ಹೊರಡುವ ಊರಿಗೆ ನಾನು ಮೈಸೂರಿನಿಂದ ಅಕ್ಕಿ ಹೊತ್ತುಕೊಂಡು ಹೋದೆ. ಇದಕ್ಕಿಂತ ಪರದೇಶ ಇನ್ನೆಲ್ಲಿದೆ?

ನಾನು ಹೋದದ್ದು ಕತ್ತಲೆ ನೋಡುವುದಕ್ಕೆ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು, ಮದುವೆಯಾದವಳಲ್ಲ. ಆ ಪುರುಸೊತ್ತಿನಲ್ಲಿ ಕನ್ನಡಕದ ಅಂಗಡಿಯವನನ್ನು ಕಾಡಿ ಬೇಡಿ ಮಸೂರ ಹೊಂದಿಸಿಕೊಂಡು, ತಗಡಿನ ಕೊಳವೆಗೆ ಕಪ್ಪು ಬಣ್ಣ ಬಳಿದು ಒಂದು ದೂರದರ್ಶಕ ಮಾಡಿಕೊಂಡಿದ್ದೆ. ನಿಲ್ಲಿಸುವುದಕ್ಕೆ ಫೋಟೋ ಸ್ಟುಡಿಯೋದವನ ಹಳೆಯ ಮುಕ್ಕಾಲಿ. ದೇವಯಾನಿ ನಕ್ಷತ್ರಪುಂಜದಲ್ಲಿ ಒಂದು ಮಸುಕು ಇದೆ ಮಕ್ಕಳೇ, ಅದು ನಮ್ಮದಲ್ಲದ ಇನ್ನೊಂದು ಲೋಕ ಎಂದು ಪ್ರತಿ ವರ್ಷ ಪಾಠ ಮಾಡುತ್ತಿದ್ದೆ. ಅರಮನೆಯ ಕಡೆಯ ಬೆಳಕಿನಿಂದಾಗಿ ಆ ಮಸುಕು ಮಾತ್ರ ನನ್ನ ಮನೆಯ ಮಹಡಿಗೆ ಒಂದು ದಿನವೂ ಸಿಕ್ಕಿರಲಿಲ್ಲ. ಅಷ್ಟರಲ್ಲಿ ತಂಗಿ ಸರೋಜಳ ಗಂಡ ಶ್ರೀಕಂಠ ದಸರೆಗೆ ಬಂದ. ಸಿಂಧನೂರಿನಲ್ಲಿ ಕಾಲುವೆಯ ಓವರ್‌ಸಿಯರ್ ಅವನು. "ಅಲ್ಲೇನಿದೆ ಅಕ್ಕಾ, ಸಂಜೆಯಾದರೆ ಕತ್ತಲೆ. ಕತ್ತಲೆ ಬಿಟ್ಟರೆ ಸೊಳ್ಳೆ," ಎಂದು ಗೋಳಾಡಿದ. ಅವನಿಗೆ ಅದು ಗೋಳು, ನನಗೆ ಆಹ್ವಾನ. ಚಳಿಗಾಲದ ರಜೆಯಲ್ಲಿ, ಎಳ್ಳಮಾವಾಸ್ಯೆಗೆ ಮುಂಚೆ, ಕೊಳವೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಹೊರಟೇಬಿಟ್ಟೆ.

ಸಿಂಧನೂರು

ಬಸ್ಸಿನಿಂದ ಇಳಿದಾಗ ರಾತ್ರಿಯಾಗಿತ್ತು. ಊರು ಮದುವೆಮನೆಯ ಹಾಗೆ ಹೊಳೆಯುತ್ತಿತ್ತು. ಅಕ್ಕಿ ಗಿರಣಿಗೆ ಸಾಲು ದೀಪ, ಹೋಟೆಲಿಗೆ ದೀಪ, ಗೊಬ್ಬರದ ಅಂಗಡಿಯ ಬೋರ್ಡಿನ ಸುತ್ತ ಬಣ್ಣಬಣ್ಣದ ದೀಪ. ದಸರೆ ಕಳೆದು ನಾನು ಬರುವಷ್ಟರಲ್ಲಿ ಕರೆಂಟು ಬಂದುಬಿಟ್ಟಿತ್ತು. ಶ್ರೀಕಂಠ ಎದೆಯುಬ್ಬಿಸಿಕೊಂಡು, "ಹೇಗಿದೆ ಅಕ್ಕಾ?" ಎಂದ. ನನಗೆ ಅಳು ಬಂತು.

ಮೈಸೂರಿನಿಂದ ಓವರ್‌ಸಿಯರ ಅತ್ತಿಗೆ ಬಂದಿದ್ದಾಳೆಂದು ಪಕ್ಕದ ಮನೆಯ ಗುಮಾಸ್ತರು ಮರ್ಯಾದೆಗಾಗಿ ಇನ್ನೊಂದು ಬಲ್ಬು ತಂದು, ನೇರವಾಗಿ ನಮ್ಮ ಮಾಳಿಗೆಗೆ ಬೆಳಕು ಬೀಳುವಂತೆ ನೇತುಹಾಕಿದರು. ನಾನು ಕೈಮುಗಿದು, ಸ್ವಾಮಿ, ನನಗೆ ಕತ್ತಲೆ ಬೇಕಾಗಿತ್ತು ಎಂದೆ. ಅವರ ಮುಖ ಸಣ್ಣಗಾಯಿತು.

"ಕತ್ತಲೀನ? ನಮ್ಮೂರಾಗ ಕತ್ತಲಿ ಇಲ್ರೀ ಮೇಡಂ. ಅದೆಲ್ಲಾ ಹೋತು. ಕತ್ತಲಿ ಬೇಕಂದ್ರ ತುರ್ವಿಹಾಳಕ್ಕ ಹೋಗ್ರಿ," ಎಂದು ಬಲ್ಬನ್ನು ಆರಿಸದೆಯೇ ಒಳಗೆ ಹೋದರು.

ಮರುದಿನ ಹಗಲಲ್ಲಿ ಮಾಳಿಗೆಯ ಮೇಲೆ ಕೊಳವೆ ನಿಲ್ಲಿಸಿ ದೂರದ ಹುಣಸೆಮರಕ್ಕೆ ಗುರಿ ಹಿಡಿದು ಮಸೂರ ಸರಿಮಾಡುತ್ತಿದ್ದೆ. ನಡುವೆ ನೀರಿನ ನಲ್ಲಿ ಇತ್ತು. ನಲ್ಲಿಯ ಹತ್ತಿರವಿದ್ದ ಹೆಂಗಸರು ನನ್ನನ್ನು ನೋಡಿದ್ದೇ ತಡ, ಕೊಡ ಬಿಟ್ಟು ಎರಡೂ ಕೈಯಲ್ಲಿ ಸೀರೆಯನ್ನು ಮೊಣಕಾಲಿಗೆ ಅವುಚಿಕೊಂಡು ಕಿರುಚುತ್ತ ಓಡಿದರು. ನಾನು ಗಾಬರಿಯಾದೆ. ಸರೋಜ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು.

ಕಾಲುವೆಯ ಸರ್ವೆಗೆ ಬಂದ ಇಂಜಿನಿಯರುಗಳು ಮುಕ್ಕಾಲಿಯ ಮೇಲೆ ಇಂಥದ್ದೇ ದುರ್ಬೀನು ಇಟ್ಟು ನೋಡುತ್ತಿದ್ದರಂತೆ. ಯಾರೋ ಒಬ್ಬ ಇಣುಕಿ ನೋಡಿದರೆ ಒಳಗೆ ಮರ ತಲೆಕೆಳಗು, ಎತ್ತು ತಲೆಕೆಳಗು. ಮನುಷ್ಯರೂ ತಲೆಕೆಳಗಾದರೆ ಉಟ್ಟ ಬಟ್ಟೆಯ ಗತಿಯೇನು? ಅವತ್ತಿನಿಂದ ದುರ್ಬೀನು ತಿರುಗಿದ ಕಡೆ ಹೆಂಗಸರು ಸೀರೆ ಹಿಡಿದುಕೊಳ್ಳುತ್ತಾರೆ. "ಸೀರೆಯೂ ಜೊತೆಗೇ ತಲೆಕೆಳಗಾಗುತ್ತೆ, ಬೀಳೋದಿಲ್ಲ ಅಂತ ನಾನು ಎಷ್ಟೋ ಬಿಡಿಸಿ ಹೇಳಿದೆ ಕಣೇ. ಒಬ್ಬರೂ ಒಪ್ಪಲಿಲ್ಲ," ಎಂದಳು ಸರೋಜ. ನನ್ನ ಕೊಳವೆಯೂ ತಲೆಕೆಳಗೇ ತೋರಿಸುತ್ತದೆ. ನಕ್ಷತ್ರಕ್ಕೆ ತಲೆಯೂ ಇಲ್ಲ, ಸೀರೆಯೂ ಇಲ್ಲ ಎಂದು ನಾನು ಆ ವಿಷಯಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ.

ತುರ್ವಿಹಾಳ

ಮೈಸೂರಿನಲ್ಲಿ ಜನ ಮನೆ ಕಾಯುತ್ತಾರೆ, ಇಲ್ಲಿ ನೀರು ಕಾಯುತ್ತಾರೆ. ಮೇಲಿನ ಹೊಲದವನು ತೂಬು ಎತ್ತಿ ಕೆಳಗಿನವನ ಪಾಲಿನ ನೀರು ತಿರುಗಿಸಿಕೊಳ್ಳುತ್ತಾನೆಂದು ಕೆಳಗಿನವನು ರಾತ್ರಿ ಕಂದೀಲು ಹಿಡಿದು ಕೂರುತ್ತಾನೆ. ಕೆಳಗಿನವನ ಮೇಲೆ ಕಣ್ಣಿಡುವುದಕ್ಕೆ ಮೇಲಿನವನೂ ಕಂದೀಲು ತರುತ್ತಾನೆ. ಹೀಗಾಗಿ ತುರ್ವಿಹಾಳದ ಕಾಲುವೆ ಏರಿಯ ಮೇಲೆ, ಕತ್ತಲೆ ಇರಬೇಕಾದ ಜಾಗದಲ್ಲೆಲ್ಲ ಒಬ್ಬೊಬ್ಬ ಮನುಷ್ಯ, ಒಂದೊಂದು ಕಂದೀಲು, ಒಂದೊಂದು ಬೀಡಿ. ಗದ್ದೆಯಿಂದ ಆವಿ ಎದ್ದು ನನ್ನ ಮಸೂರ ಹಬೆಯಾಡಿದ ಕನ್ನಡಕವಾಯಿತು.

"ಯಾರವರು? ತೂಬಿನ ಹತ್ರ ಏನ್ ಮಾಡಾಕತ್ತೀರಿ?" ಎಂದು ಒಬ್ಬ ದೊಣ್ಣೆ ಹಿಡಿದು ಬಂದ.

"ಆಕಾಶ ನೋಡುತ್ತಿದ್ದೇನೆ," ಎಂದೆ.

"ಆಕಾಶ ಮ್ಯಾಲೈತಿ. ನೀವು ತೂಬಿನ ಮಗ್ಗಲಕ್ಕ ನಿಂತೀರಿ," ಎಂದ. ಮಾತು ಸರಿಯಾಗೇ ಇತ್ತು.

ಗದ್ದಲ ಕೇಳಿ ಹತ್ತಿರದ ಕ್ಯಾಂಪಿನಿಂದ ಒಬ್ಬರು ಬಂದರು. ಕ್ಯಾಂಪು ಎಂದರೆ ಕಾಲುವೆ ಬಂದಾಗ ಆಂಧ್ರದಿಂದ ಬಂದು ಹೊಲ ಕೊಂಡು ನೆಲೆಸಿದ ರೈತರ ಊರು. ಬಂದವರು ಬಲು ಸಜ್ಜನ. ಹೆಂಗಸೊಬ್ಬಳು ಕತ್ತಲೆಯಲ್ಲಿ ಕಷ್ಟಪಡುವುದನ್ನು ನೋಡಲಾರದೆ, "ಚೀಕಟ್ಲೋ ಏಂ ಕನಪಡ್ತುಂದಮ್ಮಾ?" ಎಂದು ಮರುಗಿ, ಕತ್ತಲಲ್ಲಿ ಏನು ಕಂಡೀತು ಎಂದು ಉರಿಯುವ ಪೆಟ್ರೋಮ್ಯಾಕ್ಸನ್ನೇ ತಂದು ನನ್ನ ದೂರದರ್ಶಕದ ಪಕ್ಕದಲ್ಲಿ ಇಟ್ಟರು. ಸುತ್ತಲಿನ ಹುಳುಗಳೆಲ್ಲ ನನ್ನ ಮುಖಕ್ಕೆ ಬಂದವು. ಅವರ ಮನೆಯ ಮಜ್ಜಿಗೆ ಕುಡಿದು, ನಕ್ಷತ್ರಗಳಿಗೆ ಮನಸ್ಸಿನಲ್ಲೇ ನಮಸ್ಕಾರ ಹೇಳಿ ಮಲಗಿದೆ.

ತುರ್ವಿಹಾಳದವರನ್ನು ಕೇಳಿದರೆ ಅವರಿಗೂ ಸಿಟ್ಟು. "ನಮ್ಮಲ್ಲೆಲ್ಲಿ ಕತ್ತಲಿ? ಲಿಂಗಸುಗೂರ ಕಡಿಗೆ ಹೋಗ್ರಿ, ಅಲ್ಲಿ ಮಂದಿ ಇನ್ನಾ ಕತ್ತಲಾಗಽ ಅದಾರ."

ಲಿಂಗಸುಗೂರು

ಇಲ್ಲಿ ಕಾಲುವೆ ಇಲ್ಲ, ಗದ್ದೆ ಇಲ್ಲ, ಕಂದೀಲು ಇಲ್ಲ. ನಾನು ಇಳಿದುಕೊಂಡ ಪ್ರವಾಸಿ ಬಂಗಲೆಯ ಹಿಂದಿನ ಕಲ್ಲುಗುಡ್ಡ ಹತ್ತಿ ನಿಂತಾಗ ಗೆದ್ದೆ ಎಂದುಕೊಂಡೆ. ಪೂರ್ವಕ್ಕೆ ತಿರುಗಿದರೆ ದಿಗಂತದಲ್ಲಿ ಹಳದಿ ಮಂಕು, ಅರ್ಧ ಆಕಾಶವನ್ನೇ ಅದು ನುಂಗಿತ್ತು. ಚಂದ್ರ ಇಲ್ಲದ ದಿನಗಳಲ್ಲಿ ಚಂದ್ರೋದಯ ಹೇಗಾಯಿತು?

"ಅದು ಹಟ್ಟಿ ರೀ," ಎಂದ ಬಂಗಲೆಯ ಚೌಕಿದಾರ. "ಬಂಗಾರದ ಗಣಿ. ರಾತ್ರಿ ಪಾಳಿನೂ ಐತಿ. ಬಂಗಾರಕ್ಕ ನಿದ್ದಿ ಎಲ್ಲಿಂದ ಬರ್ಬೇಕು?"

ಅವನನ್ನೂ ಕೇಳಿದೆ. ಇದು ಇಂಗ್ಲಿಷ್ ದೊರೆಗಳ ದಂಡು ಇಳಿದಿದ್ದ ಊರು, ಇಲ್ಲಿ ಆವಾಗಲೇ ಬೆಳಕಿತ್ತು ಎಂದು ಹೇಳಿ, ಕತ್ತಲೆಯ ವಿಳಾಸವನ್ನು ಮಸ್ಕಿಗೆ ಬದಲಾಯಿಸಿದ.

ಮಸ್ಕಿ

ಮಸ್ಕಿಯ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ನನ್ನ ಪ್ರಶ್ನೆ ಕೇಳಿ ಕಪ್ಪನ್ನು ಕುಕ್ಕಿ ಇಟ್ಟ. "ಕತ್ತಲಿ ನೋಡಾಕ ಮಸ್ಕಿಗೆ ಬಂದೀರಾ? ಸಿಂಧನೂರಿಗೆ ಹೋಗ್ರಿ!"

ಸುತ್ತು ಪೂರ್ತಿಯಾಯಿತು. ನಾನು ಹಣೆ ಚಚ್ಚಿಕೊಂಡೆ. ಆಗ ಬೆಂಚಿನ ಕೆಳಗೆ ಗಂಟು ಇಟ್ಟುಕೊಂಡು ಕುಳಿತಿದ್ದ ಹೆಂಗಸೊಬ್ಬಳು ಗಹಗಹಿಸಿ ನಕ್ಕಳು. ಐವತ್ತರ ಆಚೆ ಈಚೆ ವಯಸ್ಸು, ಹಣೆಯ ಮೇಲೆ ಕಾಸಗಲ ಕುಂಕುಮ, ಬಾಯಲ್ಲಿ ಎಲೆಯಡಿಕೆ.

"ಏನವ್ವಾ, ಕತ್ತಲಿ ಬೇಕಾ? ನಮ್ಮೂರಿಗೆ ನಡಿ. ಬೇಕಾದಷ್ಟೈತಿ. ಉಂಡು ಉಳದದ್ದು ಗಂಟು ಕಟಿಗೊಂಡು ಹೋಗು."

ನಾಲ್ಕು ಊರು ಸುತ್ತಿದ ಮೇಲೆ ಸಿಕ್ಕ, ಕತ್ತಲೆಗೆ ನಾಚದ ಮೊದಲ ಮನುಷ್ಯಳು ಇವಳು. ಹೆಸರು ಹನುಮವ್ವ. ಊರು ಮಸ್ಕಿಯಿಂದಾಚೆ, ಕಾಲುವೆಗಿಂತ ಎತ್ತರದ ದಿಬ್ಬದ ಮೇಲೆ. ಹಬ್ಬದ ಸಂತೆ ಮಾಡಿಕೊಂಡು ಹೊರಟಿದ್ದಳು. ಅಷ್ಟು ಹೊತ್ತಿಗೆ, ಮೊದಲೇ ಹೇಳಿಟ್ಟಂತೆ, ನನ್ನನ್ನು ಕರೆದೊಯ್ಯಲು ಶ್ರೀಕಂಠ ತನ್ನ ಕೆಲಸದ ಜೀಪಿನಲ್ಲಿ ಬಂದ. ನಾನು ಅವನನ್ನು ಬೈದು, ಹೆದರಿಸಿ, ಅಮ್ಮನ ಹೆಸರು ಹೇಳಿ, ಹನುಮವ್ವನನ್ನೂ ಅವಳ ಗಂಟನ್ನೂ ನನ್ನನ್ನೂ ಆ ಊರಿಗೆ ಮುಟ್ಟಿಸಲು ಒಪ್ಪಿಸಿದೆ. ಅವನು ನಮ್ಮನ್ನು ಇಳಿಸಿ, ಹಬ್ಬ ಕಳೆದ ಮೇಲೆ ಬರುತ್ತೇನೆಂದು ಹೊರಟುಹೋದ. ಕಾಲುವೆಯ ಜೀಪು ಊರೊಳಗೆ ಬಂದು, ಅದರಿಂದ ಮುಕ್ಕಾಲಿ, ಉದ್ದ ಕೊಳವೆ ಮತ್ತು ಒಬ್ಬ ಪರದೇಶದ ಹೆಂಗಸು ಇಳಿದದ್ದನ್ನು ಊರೆಲ್ಲ ನೋಡಿತು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ದಾರಿಯುದ್ದಕ್ಕೂ ಹನುಮವ್ವ ತನ್ನ ತಮ್ಮನನ್ನು ಬೈಯುತ್ತ ಬಂದಿದ್ದಳು. ತಮ್ಮ ಅಮರಪ್ಪ ಸಾಲಗುಂದದವನು. ಅವನ ಮಗಳು ಹುಲಿಗೆಮ್ಮನನ್ನು ತನ್ನ ಮಗ ದುರುಗಪ್ಪನಿಗೆ ತಂದುಕೊಳ್ಳಬೇಕೆಂದು ಇವಳ ಆಸೆ. ಹುಡುಗ ಹುಡುಗಿ ಚಿಕ್ಕಂದಿನಿಂದ ಒಬ್ಬರನ್ನೊಬ್ಬರು ಬಲ್ಲವರು, ಇಬ್ಬರಿಗೂ ಮನಸ್ಸಿದೆ. ಅಮರಪ್ಪ ಮಾತ್ರ ಒಲ್ಲೆ ಎನ್ನುತ್ತಾನೆ.

"ನನ್ನ ತಮ್ಮಗ ನೀರಿನ ಹುಚ್ಚು ಹಿಡದೈತವ್ವಾ. ಒಣ ಹೊಲಕ್ಕ ಮಗಳ್ನ ಕೊಡಂಗಿಲ್ಲಂತ. ಅಲ್ಲೇ ಊರಾಗ ಕಾಲುವಿ ಹೊಲದಾವ ಒಬ್ಬಾಂವ ಕೇಳ್ಯಾನ, ಮದಲಿನ ಹೇಣ್ತಿ ಸತ್ತಾಂವ. ನಾಡದ ಅಮಾಸಿಗೆ ಅಪ್ಪ ಮಗಳು ಇಬ್ಬರೂ ಬರ್ತಾರ. ಈ ಸಲ ಆತು ಅಂದ್ರ ಆತು, ಇಲ್ಲಂದ್ರ ಹುಡುಗಿ ಆ ಮುದುಕನ ಪಾಲು."

"ಹುಡುಗಿ ಏನಂತಾಳೆ?" ಎಂದು ಕೇಳಿದೆ.

"ಹುಡುಗೀನ್ನ ಯಾರು ಕೇಳ್ತಾರ?" ಎಂದು ಹನುಮವ್ವ ಎಲೆಯಡಿಕೆ ಉಗುಳಿದಳು.

ಹನುಮವ್ವನ ಹೊಲ

ಆ ಕತ್ತಲೆಯನ್ನು ಏನೆಂದು ವರ್ಣಿಸಲಿ? ಜೋಳದ ಹೊಲದ ನಡುವೆ ಒಂದು ಚಪ್ಪಟೆ ಬಂಡೆ. ಅದರ ಮೇಲೆ ನಿಂತು ಕೈ ಚಾಚಿದರೆ ನನ್ನ ಬೆರಳು ನನಗೇ ಕಾಣಲಿಲ್ಲ. ತಲೆಯೆತ್ತಿದರೆ ಚುಕ್ಕಿ ಇಲ್ಲದ ಜಾಗ ಹುಡುಕಬೇಕು. ಕೊಳವೆಯನ್ನು ಪಶ್ಚಿಮಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು, ಮೆಲ್ಲಗೆ ಸರಿಸುತ್ತ ಹೋದೆ. ಸಿಕ್ಕಿತು. ಯಾರೋ ಕನ್ನಡಿಯ ಮೇಲೆ ಹಾ ಎಂದು ಉಸಿರು ಬಿಟ್ಟಷ್ಟು ಒಂದು ಮಸುಕು. ಇಷ್ಟು ವರ್ಷ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಅಲ್ಲಿ ನಿಜವಾಗಿಯೂ ಇತ್ತು! ಸಂತೋಷ ತಡೆಯಲಾಗದೆ ಬಂಡೆಯ ಮೇಲೆ ಒಂದು ಸುತ್ತು ಕುಣಿದೆ. ಕಾವಲಿಗೆಂದು ಜೊತೆಗೆ ಬಂದಿದ್ದ ದುರುಗಪ್ಪ ಕಂಬಳಿಯೊಳಗಿಂದ ಒಂದು ಕಣ್ಣು ತೆರೆದು ನನ್ನನ್ನು ನೋಡಿ, ಮತ್ತೆ ಮುಚ್ಚಿಕೊಂಡ. ಆ ಹುಡುಗ ಮಾತಿನಲ್ಲಿ ಬಲು ಮಿತವ್ಯಯಿ.

ಬೆಳಿಗ್ಗೆ ಎದ್ದು ನೋಡಿದರೆ ಹನುಮವ್ವನ ಅಂಗಳದ ತುಂಬ ಜನ. ಕಾಲುವೆಯ ಲೈನು ನಮ್ಮೂರಿಗೆ ಬಂತಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಾನು ಕೈಕಾಲು ಬಡಿದುಕೊಂಡು, ಅಯ್ಯಾ, ನಾನು ಇಂಜಿನಿಯರಲ್ಲ, ಸ್ಕೂಲಿನ ಟೀಚರು, ಚುಕ್ಕಿ ನೋಡುವುದಕ್ಕೆ ಬಂದವಳು ಎಂದೆ. ಮುಂದೆ ಕುಳಿತಿದ್ದ ರುಮಾಲಿನ ಹಿರಿಯರೊಬ್ಬರು ಮುಗುಳ್ನಕ್ಕು ಎಲ್ಲರಿಗೂ ಬಿಡಿಸಿ ಹೇಳಿದರು.

"ಚುಕ್ಕಿ ಹಿಡದಽ ಲೈನ್ ಹಾಕೋದು. ಹಗಲಾಗ ಸರ್ವೇ ಮಾಡಿದ್ರ ದೊಡ್ಡ ಹೊಲದಾವರು ಬಂದು ಲೈನ್ ತಮ್ಮ ಕಡಿ ಎಳಕೊಂತಾರ. ಅದಕ್ಕ ರಾತ್ರಿ ಬಂದಾರ. ಅದೂ ಹೆಣಮಗಳ್ನ ಕಳಿಸ್ಯಾರ, ಯಾರಿಗೂ ಗುಮಾನಿ ಬರಬಾರ್ದು ಅಂತ. ಸರ್ಕಾರದ ತೆಲಿ ಅಂದ್ರ ತೆಲಿ!"

ಸರ್ಕಾರಕ್ಕೆ ಅಷ್ಟು ತಲೆ ಇದ್ದಿದ್ದರೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹನುಮವ್ವ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

"ನೀ ಸುಮ್ನಿರವ್ವಾ."

"ನಿನಗೂ ಕಾಲುವೆ ಬರುತ್ತದೆ ಅನ್ನಿಸುತ್ತದೆಯೇ?"

"ನೀರು ದಿಬ್ಬ ಹತ್ತತೈತೇನು? ನನಗೇನು ಬುದ್ಧಿ ಇಲ್ಲನು? ಖರೇ ನನ್ನ ತಮ್ಮ ಬರೂತನ ಈ ಮಾತು ಆರಬಾರ್ದು. ನೀ ಏನೂ ಸುಳ್ಳು ಹೇಳಬ್ಯಾಡ. ಇಲ್ಲ ಇಲ್ಲ ಅಂತಿರು, ಸಾಕು," ಎಂದು ನನ್ನ ಕೈಗೆ ರೊಟ್ಟಿ ಕೊಟ್ಟಳು. ನನ್ನ ಬಾಯಿ ಮುಚ್ಚಿಸುವುದಕ್ಕೆ ರೊಟ್ಟಿ ಒಳ್ಳೆಯ ಉಪಾಯ ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಅಮಾವಾಸ್ಯೆ

ಮೈಸೂರಿನಲ್ಲಿ ನಾವು ಹಬ್ಬದ ದಿನ ದೇವರನ್ನು ಮನೆಯೊಳಗೆ ಕರೆಯುತ್ತೇವೆ. ಇಲ್ಲಿ ಎಳ್ಳಮಾವಾಸ್ಯೆಗೆ ಮನೆಮಂದಿಯೇ ಹೊಲಕ್ಕೆ ಹೋಗುತ್ತಾರೆ. ಸಜ್ಜೆ ಕಡುಬು, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಯಲ್ಲಿ ಹೊತ್ತು, ನಿಂತ ಜೋಳದ ನಡುವೆ ಕೂಗುತ್ತ ಮೊದಲ ತುತ್ತನ್ನು ಭೂಮಿಗೆ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಬಂದ ಹೊಟ್ಟೆಗೆಲ್ಲ ಊಟ. ನಾನು ಮೂರು ಕಡುಬು ತಿಂದು ನಾಲ್ಕನೆಯದಕ್ಕೆ ಕೈಚಾಚಿದಾಗ ಅಮರಪ್ಪ ಮಗಳೊಂದಿಗೆ ಬಂದ.

ಬಡಕಲು ಆಳು. ಕಣ್ಣು ಮಾತ್ರ ಚುರುಕು. ಹುಲಿಗೆಮ್ಮ ಅತ್ತೆಯ ಕೈಯಿಂದ ಬುಟ್ಟಿ ಇಸಿದುಕೊಂಡು ನೇರ ಜೋಳದೊಳಗೆ ಹೋಗಿ ಚರಗ ಚೆಲ್ಲಿದಳು. ಅವಳು ಕೂಗಿದ ಕೂಗಿಗೆ ಗುಬ್ಬಿಗಳೆಲ್ಲ ಎದ್ದವು. ದುರುಗಪ್ಪ ಮೊದಲ ಸಲ ಎರಡೂ ಕಣ್ಣು ತೆರೆದ.

ಊರವರು ಅಮರಪ್ಪನ ಕಿವಿಗೆ ಸುದ್ದಿ ಹಾಕುವುದಕ್ಕೆ ತಡಮಾಡಲಿಲ್ಲ. ಅವನು ಊಟ ಬಿಟ್ಟು ಎದ್ದು ಬಂದು, "ಒಂದೀಟು ನೋಡ್ಲೇನ್ರೀ?" ಎಂದ. ಎದುರಿನ ಗುಡ್ಡಕ್ಕೆ ಕೊಳವೆ ತಿರುಗಿಸಿ ತೋರಿಸಿದೆ. ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಗುಡ್ಡ ಉಲ್ಟಾ ಐತಿ. ಇದಽ. ಇದಽ ದುರ್ಬೀನು."

"ಅಲ್ಲಪ್ಪಾ, ಆಕಾಶ ನೋಡುವ ದುರ್ಬೀನೂ ಉಲ್ಟಾ ತೋರಿಸುತ್ತದೆ. ಇಲ್ಲಿಗೆ ಕಾಲುವೆ ಬರುವುದಿಲ್ಲ. ನನಗೆ ಕಾಲುವೆಯ ಗಂಧಗಾಳಿ ಇಲ್ಲ," ಎಂದೆ.

"ಆ ಸರ್ವೇ ಸಾಹೇಬನೂ ಹಿಂಗಽ ಅಂದಿದ್ದ ರೀ," ಎಂದ ಅಮರಪ್ಪ. ಬಂಡೆಯ ಮೇಲೆ ಕುಳಿತು ಹೇಳಿದ. "ನಮ್ಮ ಹೊಲದಾಗ ಇಂಥದಽ ದುರ್ಬೀನು ಇಟ್ಟಿದ್ರು. ಏನ್ ಸಾಹೇಬ್ರ ಅಂದ್ರ, ಏನಿಲ್ಲ ಬಿಡಪಾ ಅಂದ. ನಾವು ನಕ್ಕಿವಿ ರೀ. ಎಲ್ಲಿ ತುಂಗಭದ್ರಾ, ಎಲ್ಲಿ ಸಾಲಗುಂದ! ನೀರು ಏನು ಬಸ್ ಹತ್ತಿ ಬರತೈತೇನು ಅಂತ ಚೇಷ್ಟಿ ಮಾಡಿದಿವಿ. ಅಷ್ಟ್ರಾಗ ಆಂಧ್ರದಾವರು ಬಂದು ಹೊಲಾ ಕೇಳಿದ್ರು. ಹುಚ್ಚ ನನಮಕ್ಕಳು ಅಂದು ಮಾರಿದಿವಿ. ನೀರು ಬಂತು. ಈಗ ನಮ್ಮ ಹೊಲದಾಗ ನಾವಽ ಕೂಲಿ. ಇನ್ನ ದುರ್ಬೀನು ಕಂಡ್ರ ನಗಂಗಿಲ್ಲ ಅಂತ ಆಣಿ ಮಾಡೀನಿ."

ನಾನು ನನ್ನ ಪಾಲಿನ ನಾಲ್ಕನೆಯ ಕಡುಬನ್ನು ಅವನ ಕೈಗಿಟ್ಟೆ.

ಆದರೆ ಅಮರಪ್ಪ ಪೂರಾ ನಂಬಿಯೂ ಇರಲಿಲ್ಲ. ಎದ್ದು ಬಂಡೆಯ ಸುತ್ತ ಬಗ್ಗಿ ಬಗ್ಗಿ ಹುಡುಕಿದ. "ಗುರುತೆಲ್ಲೈತಿ? ನಮ್ಮಲ್ಲಿ ಕಲ್ಲಿಗೆ ಬಿಳಿ ಬಾಣ ಬರದು ಹೋಗಿದ್ರು. ಗುರುತು ಇಲ್ಲಂದ್ರ ಲೈನ್ ಇಲ್ಲ." ಅಕ್ಕನ ಕಡೆ ತಿರುಗಿ, "ಇಲ್ಲವ್ವಾ ಅಕ್ಕಾ. ನಾಳೆ ಮುಂಜಾನೆ ನಾವು ಹೋಗ್ತೀವಿ. ಅಲ್ಲಿ ಆ ಕಾಲುವಿ ಹೊಲದಾಂವಗ ಹೂಂ ಅಂದು ಬಿಡ್ತೀನಿ," ಎಂದ. ಹನುಮವ್ವ ಹೋಳಿಗೆಯ ಬುಟ್ಟಿಯನ್ನು ಮುಚ್ಚಿ ಅತ್ತ ತಿರುಗಿ ಕುಳಿತಳು. ಇನ್ನು ಯಾರೂ ಸರಿಯಾಗಿ ಉಣ್ಣಲಿಲ್ಲ.

ಕತ್ತಲಾದ ಮೇಲೆ ನಾನು ಬಂಡೆಯ ಮೇಲೆ ಒಬ್ಬಳೇ ಇದ್ದೆ. ಹುಲಿಗೆಮ್ಮ ಬಂದಳು. ಕೇಳದೆಯೇ ಕೊಳವೆಗೆ ಕಣ್ಣಿಟ್ಟಳು. ಕೃತ್ತಿಕೆಯ ಗೊಂಚಲು ತೋರಿಸಿದೆ.

"ಶೇಂಗಾ ಸುರುವಿದಂಗ ಐತಿ," ಎಂದಳು. ಆಮೇಲೆ ಕಣ್ಣು ತೆಗೆಯದೆಯೇ, "ಅಕ್ಕಾರೆ, ಖರೇ ಹೇಳ್ರಿ. ಕಾಲುವಿ ಬರ್ತೈತೇನು ಇಲ್ಲಿಗೆ?"

"ಇಲ್ಲವ್ವಾ. ಬರುವುದಿಲ್ಲ."

"ದೇವರಾಣಿ?"

"ದೇವರಾಣೆ."

ಅವಳು ಉಸ್ಸೆಂದು ಉಸಿರು ಬಿಟ್ಟಳು. ನಿರಾಸೆ ಎಂದುಕೊಂಡೆ. ತಲೆಯೆತ್ತಿ ನಕ್ಕಳು! "ಛಲೋ ಆತು. ಬರೂದು ಬ್ಯಾಡ್ರಿ. ಬಂದ್ರ ಇಲ್ಲೂ ನಾಟಿ ಹಚ್ಚಬೇಕಾಕ್ಕೈತಿ." ಕಾಲು ಮುಂದೆ ಚಾಚಿದಳು. "ಹಗಲೆಲ್ಲಾ ಕೆಸರಾಗ ಬಗ್ಗಿ ನಾಟಿ. ಕಾಲಬೆರಳ ಸಂದ್ಯಾಗ ಕೊಳತು ರಾತ್ರಿ ನಿದ್ದಿ ಹತ್ತಂಗಿಲ್ಲ. ಅದೂ ಯಾರ ಹೊಲದಾಗ? ನಮ್ಮ ಹೊಲದಾಗ. ಬದುವಿನ ಬನ್ನಿಗಿಡ ನಮ್ಮ ಮುತ್ಯಾ ಹಚ್ಚಿದ್ದು ರೀ. ಅದರ ನೆಳ್ಳಿಗೆ ಕುಂದ್ರಾಕ ಮಾಲಕನ್ನ ಕೇಳಬೇಕು. ಚರಗ ಚೆಲ್ಲಾಕ ನಮಗ ಒಂದು ಗೇಣು ಹೊಲ ಇಲ್ಲ. ನಾ ದುರುಗ್ಯಾನ್ನ ಒಪ್ಪಿದ್ದು ಅಂವನ ಮಾರಿ ನೋಡಿ ಅಲ್ಲ, ಆ ಮಾರ್‍ಯಾಗ ಏನೈತಿ! ಒಣ ಹೊಲ, ಒಣ ನೆಲ, ಜ್ವಾಳ, ಕುರಿ. ನಿಂತು ದುಡೀಬಹುದು."

"ಇದನ್ನು ಅಪ್ಪನಿಗೆ ಹೇಳು."

"ಹೇಳೀನಿ. ನೀರು ಬಿಟ್ಟು ಒಮ್ಮೆ ಕೆಟ್ಟೀನಿ, ಮಗಳ್ನ ಕೆಡಸಂಗಿಲ್ಲ ಅಂತಾನ. ಅಪ್ಪ ಅಂದ್ರ ನನಗ ಜೀವ ರೀ. ಅಂವಗ ಹೆಂಗ ಹೇಳ್ಲಿ?" ಎಂದು ಅತ್ತಳು. ನನಗೂ ಅಳು ಬಂತು, ಸಿಟ್ಟೂ ಬಂತು. ಲಕ್ಷಾಂತರ ಜ್ಯೋತಿರ್ವರ್ಷ ದೂರದ ಮಸುಕನ್ನು ಹುಡುಕಿ ಹಿಡಿಯುವ ನನಗೆ ಪಕ್ಕದಲ್ಲಿ ಕುಳಿತವಳಿಗೆ ಹೇಳಲು ಒಂದು ಉಪಾಯ ತೋಚಲಿಲ್ಲ. ತಲೆ ಸವರಿದೆ, ಅಷ್ಟೇ. ಅವಳು ಮೂಗು ಒರೆಸಿಕೊಂಡು ಮನೆಯ ಕಡೆ ಇಳಿದು ಹೋದಳು.

ಮರುದಿನ

ಬೆಳಿಗ್ಗೆ ಬಂಡೆಯ ಮೇಲೆ ಬಾಣ ಇತ್ತು.

ಮೊಳದುದ್ದದ ಬಿಳಿ ಬಾಣ. ಮೊದಲು ಕಂಡವರು ಕೂಗಿ ಊರು ಸೇರಿಸಿದರು. ಹಳೆಯ ಕಾಲದ ಚಕ್ರವರ್ತಿಯೊಬ್ಬ ಮಸ್ಕಿಯ ಬಂಡೆಯ ಮೇಲೆ ತನ್ನ ಮಾತು ಬರೆಸಿ ಹೋಗಿದ್ದಾನೆ. ಕಲ್ಲಿನ ಮೇಲೆ ಬರೆದದ್ದು ಸರ್ಕಾರದ್ದೇ ಎಂದು ನಂಬುವುದು ಈ ಸೀಮೆಗೆ ಹೊಸದೇನಲ್ಲ. ರುಮಾಲಿನ ಹಿರಿಯರು ಬಾಣವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಾಣ ಕಾಲುವೆಯ ಕಡೆಗೂ ಇರಲಿಲ್ಲ, ಇಳಿಜಾರಿನ ಕಡೆಗೂ ಇರಲಿಲ್ಲ. ನೆಟ್ಟಗೆ ಹನುಮವ್ವನ ಮನೆಯ ಬಾಗಿಲಿಗೆ ಗುರಿಯಿಟ್ಟಿತ್ತು. ಅದನ್ನು ಗಮನಿಸಿದವಳು ನಾನೊಬ್ಬಳೇ ಎಂದುಕೊಂಡೆ.

ಅಮರಪ್ಪ ಬಂದ. ಬಂಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದ. ಬೆರಳಿನಿಂದ ಒಂದು ತುದಿಯನ್ನು ತಿಕ್ಕಿ, ಬೆರಳು ನೋಡಿಕೊಂಡ. ಆಮೇಲೆ ನನ್ನ ಮುಂದೆ ಬಂದು ನಿಂತ.

"ಮೇಡಂ ಅವರ, ಈ ಗುರುತು ನಿಮ್ದೇನ್ರೀ?"

ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ಹುಲಿಗೆಮ್ಮ ಅತ್ತೆಯ ಬೆನ್ನ ಹಿಂದೆ, ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಹದಿನೆಂಟು ವರ್ಷ ಮಕ್ಕಳಿಗೆ, ಕಂಡದ್ದನ್ನು ಕಂಡ ಹಾಗೆ ಹೇಳಿ ಎಂದು ಕಲಿಸಿದ ಬಾಯಿ ಇದು. ಹಾಳಾದ್ದು ಬೇರೆ ಅಭ್ಯಾಸವೇ ಇಲ್ಲ.

"ಅಲ್ಲ," ಎಂದೆ. "ಈ ಗುರುತು ನನ್ನದಲ್ಲ. ನಾನು ಕಾಲುವೆಯವಳಲ್ಲ. ಇಲ್ಲಿಗೆ ಕಾಲುವೆ ಬರುವುದಿಲ್ಲ."

ಜನ ಹೋ ಎಂದು ನಕ್ಕರು. "ಹೇಳಂಗಿಲ್ಲ ಬಿಡ್ರೋ, ಹುಕುಂ ಇರಂಗಿಲ್ಲ ಅವರಿಗೆ!" ಎಂದರು ಹಿರಿಯರು. ನಾನು ಇನ್ನೆರಡು ಸಲ ಇಲ್ಲ ಎಂದೆ. ಹೇಳಿದಷ್ಟೂ ನಗೆ ಹೆಚ್ಚಿತು. ಅಮರಪ್ಪ ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಎದೆ ಸೆಟೆಸಿ ಊರಿಗೆ ಕೇಳುವ ಹಾಗೆ ಕೂಗಿದ.

"ಎಲ್ಲಾರೂ ಕೇಳ್ರಿ! ಸರ್ಕಾರದ ಗುರುತು ನಾ ಕಣ್ಣಾರೆ ಕಂಡೀನಿ. ಅಕ್ಕಾ, ಮಗಳ್ನ ಕೊಟ್ಟೆ. ಸಕ್ಕರಿ ತಗಿ."

ಹನುಮವ್ವ ತಮ್ಮನನ್ನು ಬೈಯುತ್ತಲೇ ಅವನನ್ನು ಅಪ್ಪಿಕೊಂಡು ಅತ್ತಳು. ದುರುಗಪ್ಪ "ಹೂಂ" ಎಂದ. ನಾನು ಕೇಳಿದ ಅವನ ಮೊದಲ ಮಾತು ಅದೇ. ಸಕ್ಕರೆ ಹಂಚಿದರು, ಮಿಕ್ಕಿದ್ದ ಕಡುಬು ಹೋಳಿಗೆ ಎಲ್ಲ ಹೊರಗೆ ಬಂತು, ಅಂಗಳದಲ್ಲಿ ಪಂಕ್ತಿ ಹಾಕಿದರು.

ಊಟಕ್ಕೆ ಕೂರುವ ಮುಂಚೆ ಅಮರಪ್ಪ ಚೊಂಬು ಹಿಡಿದು ಎಲ್ಲರ ಕೈಗೆ ನೀರು ಹಾಕುತ್ತಿದ್ದ. ಹುಲಿಗೆಮ್ಮ ಬಂದಳು, ಗಡಬಡಿಸಿ ಕೈ ತೋಯಿಸಿಕೊಂಡು ಹಿಂದೆಳೆದಳು. ಅಮರಪ್ಪ ಅವಳ ಮುಂಗೈ ಹಿಡಿದುಕೊಂಡ. ಅವಳ ಹಿಂದೆ ನನ್ನ ಸರದಿಯಿತ್ತು, ಹಾಗಾಗಿ ಕೇಳಿಸಿತು. ಅವನು ಮಗಳ ಮುಖ ನೋಡಲಿಲ್ಲ, ಅತ್ತ ಜೋಳದ ಹೊಲದ ಕಡೆ ನೋಡುತ್ತ ಮೆಲ್ಲಗೆ ಹೇಳಿದ.

"ಉಗುರಾಗ ಸುಣ್ಣ ಐತಿ. ಅದನ್ನೂ ತೊಳಕೊ ಮಗಳ."

ಅವಳು ಅಲ್ಲಾಡಲಿಲ್ಲ. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ತಾನೇ ತಿಕ್ಕಿದ, ಆಮೇಲೆ ಚೊಂಬಿನಲ್ಲಿದ್ದ ನೀರನ್ನೆಲ್ಲ ಆ ಕೈಗಳ ಮೇಲೆ ಸುರಿದ.